ತುಕಡಿ ಅಂದರೆ ಎಷ್ಟು ಜನ?

ಸೇನೆಯಿಂದ ನಿವೃತ್ತರಾಗಿ ಕಾರವಾರದಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ: ‘ಪತ್ರಿಕೆಗಳಲ್ಲಿ ಹತ್ತು ಜನ ಬಂದರೂ ತುಕಡಿ, ಸಾವಿರ ಜನ ಬಂದರೂ ತುಕಡಿ. ಪ್ಲಟೂನ್‌ಗೆ ಮಾತ್ರ ತುಕಡಿ ಅಂತ ಬರೆಯಿರಿ. ಸೆಕ್ಷನ್‌ಗೆ ನಮ್ಮ ಹಳೆಯ ಪದ ಪತ್ತಿ ಇದೆಯಲ್ಲ?’

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ ಸರ್. ಆದರೆ ತುಕಡಿಯನ್ನು ಲೆಕ್ಕಕ್ಕೆ ಕಟ್ಟಿಹಾಕುವುದು ಕಷ್ಟ. ತುಕಡಿ ಅಂದರೆ ತುಂಡು, ಅಷ್ಟೇ. ಎಷ್ಟು ದೊಡ್ಡ ತುಂಡು ಅಂತ ಅದು ಯಾವತ್ತೂ ಹೇಳಿಲ್ಲ. ಮರಾಠಿ ಶಾಲೆಗಳಲ್ಲಿ ‘ಅ’ ವಿಭಾಗ, ‘ಬ’ ವಿಭಾಗವೂ ತುಕಡಿಯೇ. ಕಾರವಾರದವರಿಗೆ ಇದನ್ನು ನಾನು ಹೇಳಬೇಕಾ!

ಸೇನೆಯ ಲೆಕ್ಕ ನಿಮಗೆ ಬಾಯಿಪಾಠ. ಉಳಿದ ಓದುಗರಿಗಾಗಿ ಹೇಳುತ್ತೇನೆ: ಹವಾಲ್ದಾರರ ಕೈಕೆಳಗೆ ಸುಮಾರು 10 ಜನರಿದ್ದರೆ ಸೆಕ್ಷನ್. ಅಂಥ ಮೂರು ಸೇರಿದರೆ ಪ್ಲಟೂನ್. ಮೂರು ಪ್ಲಟೂನ್ ಸೇರಿದರೆ ಕಂಪನಿ, ಕೇಂದ್ರ ಕಚೇರಿಯ ಸಿಬ್ಬಂದಿಯೂ ಸೇರಿ ಅಲ್ಲಿಗೆ ನೂರು ದಾಟುತ್ತದೆ. ಪೊಲೀಸ್ ಬಂದೋಬಸ್ತಿನ ಸುದ್ದಿಯಲ್ಲಿ ‘ಕೆಎಸ್‌ಆರ್‌ಪಿ ತುಕಡಿ’ ಅಂದರೆ ಸಾಮಾನ್ಯವಾಗಿ ಪ್ಲಟೂನೇ. ನಿಮ್ಮ ವಾದಕ್ಕೆ ಅಷ್ಟು ಬಲ ಇದೆ.

ಎಲ್ಲಿ ಸಂಖ್ಯೆಯೇ ಮುಖ್ಯವೋ ಅಲ್ಲಿ ನಾನು ನಿಮ್ಮ ಕಡೆ. ನಿಮ್ಮೂರ ಪಕ್ಕದ ಚೆಂಡಿಯಾದ ರಾಮ ರಾಘೋಬ ರಾಣೆಯವರನ್ನೇ ನೋಡಿ. 1948ರ ಏಪ್ರಿಲ್‌ನಲ್ಲಿ ಜಮ್ಮು–ಕಾಶ್ಮೀರದ ನೌಶೇರಾ–ರಜೌರಿ ದಾರಿಯಲ್ಲಿ ನೆಲಬಾಂಬ್ ತೆಗೆಯಲು ಅವರ ಜೊತೆಗಿದ್ದದ್ದು ಒಂದು ಸೆಕ್ಷನ್. ಮೊದಲ ದಿನವೇ ಮಾರ್ಟರ್ ಬಿದ್ದು ಇಬ್ಬರು ಸತ್ತರು. ರಾಣೆಯವರೂ ಸೇರಿ ಐವರಿಗೆ ಗಾಯ. ಆಮೇಲೂ ಅವರು ಚಲಿಸುವ ಟ್ಯಾಂಕಿನ ಅಡಿಯಲ್ಲೇ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ‘ನಿಲ್ಲು, ಹೋಗು’ ಅಂತ ಸನ್ನೆ ಮಾಡುತ್ತಾ ಮುಂದೆ ಸಾಗಿದರು. ಅದಕ್ಕೇ ಪರಮವೀರ ಚಕ್ರ ಬಂದದ್ದು. ಇಲ್ಲಿ ಸುಮ್ನೆ ‘ಸೇನಾ ತುಕಡಿ’ ಅಂತ ಬರೆದುಬಿಟ್ಟರೆ ಓದುವವರ ಕಣ್ಣಿಗೆ ನೂರು ಜನ ಕಾಣುತ್ತಾರೆ. ಏಳು ಜನ ಬಿದ್ದರೆ ಎಷ್ಟು ಪೆಟ್ಟು ಅನ್ನುವುದೇ ತಿಳಿಯುವುದಿಲ್ಲ.

ಆದರೆ 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ‘ಸೇನೆಯ ತುಕಡಿ ಬಂತು’ ಅನ್ನುವುದು ಸರಿಯಾದ ಮಾತೇ. ಯಾರು ಬಂದರು ಅನ್ನುವುದು ಆಗ ಬೇಕಿತ್ತು. ಮಳೆಯಲ್ಲಿ ನಿಂತ ವರದಿಗಾರ ತಲೆ ಎಣಿಸುತ್ತಾ ಕೂರುವುದಕ್ಕಾಗುತ್ತದಾ?

ಇನ್ನು ಪತ್ತಿ. ಮಹಾಭಾರತದ ಲೆಕ್ಕದಲ್ಲಿ ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು ಸೇರಿದರೆ ಪತ್ತಿ. ಮೊತ್ತ ಹತ್ತಾಗುತ್ತದೆ ನಿಜ, ಆದರೆ ಆನೆಯನ್ನು ಎಲ್ಲಿಂದ ತರೋಣ ಸರ್? ಪತ್ತಿಯ ಬದಲು ‘ದಳ’ ಅನ್ನೋಣವೆಂದರೆ ಅದನ್ನು ಶ್ವಾನದಳದವರು, ಬಾಂಬ್ ನಿಷ್ಕ್ರಿಯ ದಳದವರು ಆಗಲೇ ಹಿಡಿದುಕೊಂಡಿದ್ದಾರೆ.

ಹಾಗಾಗಿ ಸೆಕ್ಷನ್, ಪ್ಲಟೂನ್, ಕಂಪನಿ ಅಂತಲೇ ಬರೆಯುತ್ತೇವೆ, ಗೊತ್ತಿದ್ದರೆ ಪಕ್ಕದಲ್ಲಿ ಜನರ ಸಂಖ್ಯೆಯನ್ನೂ ಕೊಡುತ್ತೇವೆ. ಲೆಕ್ಕ ಸಿಗದ ಕಡೆ ತುಕಡಿ ಇರಲಿ.