ಬಾಲ್ ಕಣ್ಣೆದುರಿಗೇ ಇತ್ತಲ್ಲ, ಯಾಕೆ ಹಾಕಲಿಲ್ಲ?

ನಮ್ಮ ಜಿಲ್ಲೆಯಲ್ಲಿ ಪೂಲ್ ಟೇಬಲ್ ಮುಟ್ಟಿದವರಿಗಿಂತ ಮೊಬೈಲಿನಲ್ಲಿ ಪೂಲ್ ಪಂದ್ಯ ನೋಡಿದವರೇ ಜಾಸ್ತಿ. ಅಡ್ಡಿಯಿಲ್ಲ. ಆಟ ನೋಡಲಿಕ್ಕೆ ಗೆಜ್ಜೆ ಕಟ್ಟಿರಬೇಕು ಅಂತ ಯಕ್ಷಗಾನದವರೂ ಹೇಳುವುದಿಲ್ಲ. ಆದರೆ ಒಂದೇ ಪ್ರಶ್ನೆ ಕುಮಟಾ, ಶಿರಸಿ, ದಾಂಡೇಲಿ ಅಂತ ಊರು ಬದಲಿಸಿಕೊಂಡು ಮತ್ತೆ ಮತ್ತೆ ಬಂದರೆ ಉತ್ತರ ಬರೆಯುವವನ ತಾಳ್ಮೆಗೂ ಒಂದು ಮಿತಿ ಇದೆ. ಈ ಸಲ ಅದನ್ನು ಮುಗಿಸಿಬಿಡುತ್ತೇನೆ. ನೈನ್ ಬಾಲಿನ (ಕೋಲಿನಿಂದ ಬಿಳಿ ಬಾಲ್ ಹೊಡೆದು ಒಂಬತ್ತು ಬಣ್ಣದ ಬಾಲ್ ಪಾಕೆಟಿಗೆ ಹಾಕುವ ಪೂಲ್ ಆಟ) ನಿಯಮಗಳನ್ನು ಒಂದೊಂದಾಗಿ ಬರೆಯುವುದಿಲ್ಲ. ಒಂದು ಪಂದ್ಯ ಪೂರ್ತಿ ನೋಡಿದವರಿಗೆ ಅವು ತಾನಾಗಿ ತಿಳಿಯುತ್ತವೆ, ಅಷ್ಟೂ ನೋಡದವರು ಪ್ರಶ್ನೆ ಕಳಿಸಬಾರದು.

ಪ್ರಶ್ನೆ: ನಿದ್ದೆಗೆಟ್ಟು ನೈನ್ ಬಾಲ್ ಪಂದ್ಯ ನೋಡುತ್ತೇನೆ. ಬಾಲ್ ಪಾಕೆಟಿನ ಬಾಯಲ್ಲೇ ಇದ್ದರೂ ದೊಡ್ಡ ಆಟಗಾರರು ಅದನ್ನು ಹಾಕದೆ, ಬಿಳಿ ಬಾಲನ್ನು ಎಲ್ಲೋ ಅಡಗಿಸಿಟ್ಟು ಹೋಗಿ ಕೂರುತ್ತಾರೆ. ಇದು ಹೆದರಿಕೆಯಲ್ಲವೇ? ನೋಡುವವರಿಗೂ ಬೇಜಾರು. (ಕುಮಟಾದ ಓದುಗರೊಬ್ಬರು)

ಉತ್ತರ: ಹೆದರಿಕೆ ಅಲ್ಲ ಮಾರಾಯ್ರೆ, ಲೆಕ್ಕ. ನಿಮ್ಮ ಕಣ್ಣು ಇರಬೇಕಾದಲ್ಲಿ ಇಲ್ಲ, ತೊಂದರೆ ಅಷ್ಟೇ. ನೀವು ಬಣ್ಣದ ಬಾಲ್ ಪಾಕೆಟಿಗೆ ಬಿತ್ತೋ ಇಲ್ಲವೋ ಅಂತ ನೋಡುತ್ತಿದ್ದೀರಿ. ಆಡಿ ಬಲ್ಲವರು ಅದನ್ನು ಹೆಚ್ಚು ನೋಡುವುದಿಲ್ಲ. ಬಿಳಿ ಬಾಲ್ ಎಲ್ಲಿ ಹೋಗಿ ನಿಂತಿತು ಎಂಬುದನ್ನು ನೋಡುತ್ತಾರೆ.

ಒಂದು ಸನ್ನಿವೇಶ ಹೇಳುತ್ತೇನೆ. ಟೇಬಲ್ ಮೇಲೆ 4, 5, 7 ಮತ್ತು 9 ಉಳಿದಿವೆ. ಸಣ್ಣ ಸಂಖ್ಯೆಗೆ ಮೊದಲು ತಾಗಬೇಕು, ಅಂದರೆ ಈಗಿನ ಗಿರಾಕಿ 4. ಅದು ಮೂಲೆಯ ಪಾಕೆಟಿನ ಹತ್ತಿರ ಬಾ ಎಂದು ಕರೆಯುತ್ತಿದೆ. ಆದರೆ 5 ಆಚೆ ತುದಿಯ ಕುಶನ್ನಿಗೆ, ಅಂದರೆ ಟೇಬಲಿನ ರಬ್ಬರ್ ಅಂಚಿಗೆ, ಅಂಟಿ ಕೂತಿದೆ, ಅದರ ಮುಂದೆ 9 ಅಡ್ಡ. ಈಗ 4 ಹಾಕಿದರೆ ಏನಾಯಿತು? ಚಪ್ಪಾಳೆ ಸಿಕ್ಕಿತು. ಮುಂದಿನ ಹೊಡೆತಕ್ಕೆ ದಾರಿಯೇ ಇಲ್ಲ. ಆಗ ಸೇಫ್ಟಿ (ಎದುರಾಳಿಗೆ ಸುಲಭದ ದಾರಿ ಸಿಗದ ಹಾಗೆ ಬಿಳಿಯನ್ನು ಅಡಗಿಸಿಡುವ ಹೊಡೆತ) ಆಡೋಣ ಅಂದರೆ, ಅಂಟಿಕೊಂಡ 5ನ್ನು ಬೇಕಾದಲ್ಲಿಗೆ ಕಳಿಸಲಿಕ್ಕೂ ಆಗುವುದಿಲ್ಲ, ಬಿಳಿಯೂ ಮಾತು ಕೇಳುವುದಿಲ್ಲ.

ಇದನ್ನೇ ಯಾರಿಗೂ ತಿಳಿಹೇಳಲಾಗದೆ ಸೋತಿದ್ದೇನೆ: ಒಳ್ಳೆಯ ಸೇಫ್ಟಿ ಹುಟ್ಟುವುದು ಸುಲಭದ ಬಾಲಿನಿಂದಲೇ. ಯಾವ ಬಾಲನ್ನು ಕಣ್ಣು ಮುಚ್ಚಿ ಹಾಕಬಹುದೋ, ಅದನ್ನು ಎಷ್ಟು ತೆಳುವಾಗಿ ಬೇಕೋ ಅಷ್ಟು ತೆಳುವಾಗಿ ಸವರಬಹುದು, ಎಷ್ಟು ದೂರ ಬೇಕೋ ಅಷ್ಟು ದೂರ ಕಳಿಸಬಹುದು. ಹಾಗಾಗಿ ಆತ 4ರ ಅಂಚನ್ನು ಸವರುತ್ತಾನೆ. ಅದು ಕುಶನ್ನಿಗೆ ತಾಗಿ ಟೇಬಲಿನ ಆ ಕೊನೆಗೆ ಹೋಗುತ್ತದೆ. ಬಿಳಿ ಬಾಲ್ ನಿಧಾನಕ್ಕೆ ಬಂದು 7ರ ಬೆನ್ನಿಗೆ, ನಡುವೆ ಬೀಡಿ ತೂರುವಷ್ಟು ಸಂದು ಬಿಟ್ಟು ನಿಲ್ಲುತ್ತದೆ. ನೀವು ಅಷ್ಟರಲ್ಲಿ ಚಹಾ ತರಲು ಎದ್ದಿರುತ್ತೀರಿ.

ಆ ಬೀಡಿಯಷ್ಟು ಸಂದಿಗೆ ಅರ್ಥವಿದೆ. ಕೋಡಿಬಾಗದಲ್ಲಿ ನಿಂತು ಕಾಳಿ ಸೇತುವೆ ನೋಡುವಾಗ ಅಂಗೈಯನ್ನು ಮೂಗಿನ ಹತ್ತಿರ ಹಿಡಿಯಿರಿ, ಇಡೀ ಸೇತುವೆ ಮಾಯ. ಕೈ ಚಾಚಿ ಹಿಡಿದರೆ ಮುಚ್ಚುವುದು ಸೇತುವೆಯ ಒಂದು ತುಂಡು ಮಾತ್ರ. ಬಿಳಿ ಬಾಲಿಗೂ ಹಾಗೆಯೇ. ಅಡ್ಡ ನಿಂತ ಬಾಲ್ ಹತ್ತಿರವಿದ್ದಷ್ಟೂ ಅದಕ್ಕೆ ಕಾಣದ ಜಾಗ ದೊಡ್ಡದು. ಅಷ್ಟು ಹತ್ತಿರವಿದ್ದರೆ ಜಂಪ್ ಕ್ಯೂ (ಬಿಳಿಯನ್ನು ಹಾರಿಸುವ ಗಿಡ್ಡ ಕೋಲು) ತೆಗೆದು ಹಾರಿಸಲಿಕ್ಕೂ ಆಗುವುದಿಲ್ಲ, ಏಳಲು ಜಾಗ ಬೇಕಲ್ಲ. ಎದುರಾಳಿಗೆ ಉಳಿಯುವುದು ಕುಶನ್ನಿಗೆ ಹೊಡೆದು ಸುತ್ತಿ ಬಂದು 4ನ್ನು ತಾಗಿಸುವ ದಾರಿ.

ತಾಗದಿದ್ದರೆ? ಸ್ನೂಕರಿನಲ್ಲಿ ಫೌಲ್ ಆದರೆ ನಾಲ್ಕರಿಂದ ಏಳು ಅಂಕ ಎದುರಾಳಿಗೆ ಹೋಗುತ್ತದೆ, ಆಟ ಮುಂದುವರಿಯುತ್ತದೆ. ಇಲ್ಲಿ ಎದುರಿನವನು ಬಿಳಿ ಬಾಲನ್ನು ಕೈಯಲ್ಲಿ ಎತ್ತಿ ಟೇಬಲಿನ ಮೇಲೆ ಬೇಕಾದಲ್ಲಿ ಇಟ್ಟುಕೊಳ್ಳುತ್ತಾನೆ. ಆ ಮಟ್ಟದವನ ಕೈಗೆ ಬಾಲ್ ಕೊಟ್ಟರೆ ಆ ರ್‍ಯಾಕ್ (ಒಂದು ಸುತ್ತಿನ ಆಟ) ಬಹುಪಾಲು ಮುಗಿದ ಹಾಗೆ. ಸತತ ಮೂರು ಫೌಲ್ ಮಾಡಿದರಂತೂ ನಿಯಮದ ಪ್ರಕಾರವೇ ರ್‍ಯಾಕ್ ಹೋಯಿತು. ತಾಳಮದ್ದಳೆ ಕೇಳುವವರಿಗೆ ಇದನ್ನು ವಿವರಿಸುವುದೇ ಬೇಡ. ಪಳಗಿದ ಅರ್ಥಧಾರಿ ಕೂಗುವುದಿಲ್ಲ. ಎದುರಿನವನು ಏನು ಹೇಳಿದರೂ ಸಿಕ್ಕಿಹಾಕಿಕೊಳ್ಳುವಂಥ ಒಂದು ಪ್ರಶ್ನೆ ಇಟ್ಟು ಸುಮ್ಮನಾಗುತ್ತಾನೆ. ಅಲ್ಲಿ ಬೋರ್ ಅಂತ ನೀವು ಎದ್ದು ಹೋಗುತ್ತೀರೋ?

ಪುಶ್ ಔಟ್ ನೋಡುವಾಗಲೂ ಇದೇ ದೂರು: ಬ್ರೇಕ್ (ಬಾಲ್ ಗುಂಪು ಒಡೆಯುವ ಮೊದಲ ಹೊಡೆತ) ಆದ ತಕ್ಷಣ ಯಾವ ಬಾಲಿಗೂ ತಾಗಿಸದೆ ಸುಮ್ಮನೆ ತಳ್ಳಿದ, ಇದೆಂಥ ಆಟ ಅಂತ. ಘಟ್ಟದ ಮೇಲೆ ಅಣ್ಣತಮ್ಮಂದಿರು ತೋಟ ಹಿಸ್ಸೆ ಮಾಡಿಕೊಳ್ಳುವಾಗ ಒಬ್ಬ ಪಾಲು ಮಾಡುತ್ತಾನೆ, ಇನ್ನೊಬ್ಬ ಆರಿಸುತ್ತಾನೆ. ಪುಶ್ ಔಟ್ ಅದೇ. ಬ್ರೇಕ್ ಆದ ನಂತರದ ಒಂದು ಹೊಡೆತದಲ್ಲಿ, ಮೊದಲೇ ಹೇಳಿ, ಬಿಳಿಯನ್ನು ಎಲ್ಲಿಗೆ ಬೇಕಾದರೂ ತಳ್ಳಬಹುದು. ಅಲ್ಲಿಂದ ತಾನೇ ಆಡುವುದೋ ಅಥವಾ ತಳ್ಳಿದವನಿಗೇ ವಾಪಸ್ ಕೊಡುವುದೋ ಎಂಬುದು ಎದುರಾಳಿಯ ಆಯ್ಕೆ. ಹಾಗಾಗಿ ತಳ್ಳುವವನು ತನಗೆ ಬರುವ, ಎದುರಿನವನಿಗೆ ಅಷ್ಟಾಗಿ ಬಾರದ ಹೊಡೆತ ಹುಡುಕುತ್ತಾನೆ. ಪೂರ್ತಿ ಕಷ್ಟದ್ದು ಇಟ್ಟರೆ ತನ್ನ ತಲೆಗೇ ಬರುತ್ತದೆ, ತೀರಾ ಸುಲಭದ್ದು ಇಟ್ಟರೆ ಅವನು ಹಾಕಿಬಿಡುತ್ತಾನೆ. ನನಗೆ ಇಡೀ ರ್‍ಯಾಕಿನಲ್ಲಿ ಹೆಚ್ಚು ಇಷ್ಟದ ಗಳಿಗೆ ಅದು.

ಅಡಗಿಸಿಟ್ಟದ್ದಕ್ಕೆ ಉತ್ತರ ಹೇಗಿರಬಹುದು ಅಂತ ನೋಡಬೇಕಾದರೆ 1995ರಲ್ಲಿ ಅಮೆರಿಕದ ರೀನೋದಲ್ಲಿ ಎಫ್ರೆನ್ ರೇಯಸ್ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಎದುರು ಹೊಡೆದದ್ದನ್ನು ಹುಡುಕಿ ನೋಡಿ. ಬಿಳಿ ಎರಡು ಕುಶನ್ ಬಡಿದು ಇಂಗ್ಲಿಷಿನ ಝಡ್ ಅಕ್ಷರದ ಹಾಗೆ ತಿರುಗಿ ಬಂದು ಬಾಲನ್ನು ಪಾಕೆಟಿಗೆ ಕಳಿಸುತ್ತದೆ. ಫಿಲಿಪೀನ್ಸಿನ ಈ ರೇಯಸ್ 1985ರಲ್ಲಿ ಅಮೆರಿಕಕ್ಕೆ ಹೋದಾಗ ಗುರುತು ಸಿಗಬಾರದು ಅಂತ ಸೀಸರ್ ಮೊರಾಲೆಸ್ ಎಂಬ ಹೆಸರಲ್ಲಿ ಆಡಿದ್ದ. ವಿಷಯ ಅದಲ್ಲ, ಆದರೂ ಬರೆಯದೆ ಇರಲಾಗಲಿಲ್ಲ. ಎಲ್ಲರೂ ಆ ಝಡ್ ನೋಡಿ ಬಾಯಿ ಬಿಡುತ್ತಾರೆ. ಅಂಥ ಹೊಡೆತ ಬೇಕಾಗುವ ಹಾಗೆ ಅವನನ್ನು ಕಟ್ಟಿಹಾಕಿದ್ದು ಹೇಗೆ ಅಂತ ಯಾರೂ ಹಿಂದಕ್ಕೆ ಓಡಿಸಿ ನೋಡುವುದಿಲ್ಲ.

ಇನ್ನು ಕೆಲಸ. ರೆಕಾರ್ಡ್ ಆದ ಪಂದ್ಯ ಹಾಕಿ, ಪ್ರತಿ ಹೊಡೆತಕ್ಕೆ ಮುಂಚೆ ವಿಡಿಯೊ ನಿಲ್ಲಿಸಿ, ಬಿಳಿ ಎಲ್ಲಿ ನಿಲ್ಲಬಹುದು ಅಂತ ಬೆರಳಿಟ್ಟು ತೋರಿಸಿ. ಎರಡು ಕೋನ ತಿಳಿದಿದ್ದರೆ ಸಾಕು. ಬಿಳಿ ಉರುಳದೆ ಜಾರುತ್ತ ಬಂದು ತಾಗಿದರೆ, ಬಣ್ಣದ ಬಾಲ್ ಹೋದ ದಾರಿಗೆ 90 ಡಿಗ್ರಿಯಲ್ಲಿ ಕವಲಾಗುತ್ತದೆ. ತಾನಾಗಿ ಉರುಳುತ್ತ ಬಂದು ಬಾಲಿನ ಅರ್ಧಭಾಗದ ಆಸುಪಾಸಿಗೆ ತಾಗಿದರೆ, ಬರುತ್ತಿದ್ದ ದಿಕ್ಕಿನಿಂದ ಸುಮಾರು 30 ಡಿಗ್ರಿ ವಾಲುತ್ತದೆ. ತೋರುಬೆರಳು, ಮಧ್ಯಬೆರಳು ಅಗಲಿಸಿ ಹಿಡಿದರೆ ಹತ್ತಿರ ಹತ್ತಿರ ಅಷ್ಟೇ ಕೋನ. ಕೆಳಗೆ ಹೊಡೆದರೆ ಹಿಂದಕ್ಕೆ ಎಳೆಯುತ್ತದೆ ಎಂಬುದು ಕೇರಂ ಆಡುವ ಮಕ್ಕಳೂ ಊಹಿಸುವ ಮಾತು, ಬಿಡಿ. ಒಂದು ವಾರ ಹೀಗೆ ನೋಡಿ. ಹತ್ತರಲ್ಲಿ ಐದು ಸಲ ನಿಮ್ಮ ಬೆರಳಿದ್ದಲ್ಲಿಗೆ ಬಿಳಿ ಬಂದು ನಿಂತರೆ ಆಮೇಲೆ ನನಗೆ ಬರೆಯಿರಿ.

ಒಂದು ಮಾತು ಒಪ್ಪುತ್ತೇನೆ, ನನಗೆ ಪಕ್ಷಪಾತವಿದೆ. ಪ್ರಾಯದಲ್ಲಿ ಒಂದು ಕ್ಲಬ್ಬಿನ ಪಂದ್ಯದಲ್ಲಿ, ಕೊನೆಯ ರ್‍ಯಾಕಿನಲ್ಲಿ, ಬಾಗಿಲ ಬಳಿ ನಿಂತವರು ‘ಹಾಕಾ, ಹಾಕಾ’ ಅಂತ ಕೂಗಿದರು. ನಾನು ಹಾಕಿದೆ. ಬಾಲೂ ಬಿತ್ತು, ಅದರ ಹಿಂದೆಯೇ ಬಿಳಿಯೂ ಎದುರು ಮೂಲೆಯ ಪಾಕೆಟಿಗೆ ಇಳಿಯಿತು. ಕೂಗಿದವರೇ ಮೊದಲು ಮನೆಗೆ ಹೋದರು. ಅಂದಿನಿಂದ ಗ್ಯಾಲರಿಯ ಮಾತು ನನ್ನ ಕಿವಿಗೆ ಬೀಳುವುದಿಲ್ಲ, ನಿಮ್ಮ ‘ಬೇಜಾರು’ ಕೂಡ. ವಿನಾಕಾರಣ ಎಳೆದಾಡುವವರಿಗೆ ಮದ್ದು ಇದ್ದೇ ಇದೆ: ಪಂದ್ಯ ನಡೆಸುವ ಕಂಪನಿಯಾದ ಮ್ಯಾಚ್‌ರೂಮ್‌ನವರ ದೊಡ್ಡ ಪಂದ್ಯಗಳಲ್ಲಿ ಹೊಡೆತಕ್ಕೆ 30 ಸೆಕೆಂಡಿನ ಗಡಿಯಾರ ಓಡುತ್ತದೆ.

ಪ್ರಶ್ನೆ: ಪಂದ್ಯ ಉಚಿತವಾಗಿ ನೋಡಲು ಟೆಲಿಗ್ರಾಂ ಲಿಂಕ್ ಇದ್ದರೆ ಕೊಡಿ. (ಹೊನ್ನಾವರ)

ಉತ್ತರ: ಇಲ್ಲ, ಕೊಡುವುದೂ ಇಲ್ಲ. ಅಂಥ ಲಿಂಕ್ ಒತ್ತಿ ಬ್ಯಾಂಕಿಗೆ ಅಲೆದವರನ್ನು ಕಂಡಿದ್ದೇನೆ. ಮ್ಯಾಚ್‌ರೂಮ್ ಪೂಲ್‌ನ ಯೂಟ್ಯೂಬ್ ಚಾನೆಲಿನಲ್ಲಿ ಪೂರ್ತಿ ಪಂದ್ಯಗಳೇ ಬಿದ್ದಿವೆ, ಹಳೆಯ ಕಾಲದ ಆಟ ಬೇಕಾದರೆ ಪಂದ್ಯಗಳ ವಿಡಿಯೊ ಮಾಡುವ ಆಕ್ಯು-ಸ್ಟ್ಯಾಟ್ಸ್ ಇದೆ. ನೇರಪ್ರಸಾರವೇ ಬೇಕೆಂದರೆ ಗಡಿಯಾರ ನೋಡಿಕೊಳ್ಳಿ: ಪಂದ್ಯ ನಡೆಯುವ ಊರುಗಳಲ್ಲಿ ಸೌದಿಯ ಜೆಡ್ಡಾ ನಮಗಿಂತ ಎರಡೂವರೆ ತಾಸು ಹಿಂದೆ, ಚಳಿಗಾಲದ ಲಂಡನ್ ಐದೂವರೆ ತಾಸು. ಡಿಸೆಂಬರಿನ ಮೊಸ್ಕೋನಿ ಕಪ್ (ಯುರೋಪ್, ಅಮೆರಿಕ ತಂಡಗಳ ಪಂದ್ಯ) ಲಾಸ್ ವೇಗಸ್‌ನಲ್ಲಿದ್ದರೆ ಅಲ್ಲಿಯ ಸಂಜೆ ಆರು ಅಂದರೆ ಇಲ್ಲಿ ಮರುದಿನ ಬೆಳಿಗ್ಗೆ ಏಳೂವರೆ, ದೋಸೆ ತಿನ್ನುತ್ತ ನೋಡಬಹುದು. ನೆಟ್‌ವರ್ಕ್ ಸರಿಯಿಲ್ಲದ ಕಡೆ ಚಿತ್ರದ ಗುಣಮಟ್ಟ ತೀರಾ ಇಳಿಸಬೇಡಿ. ಹಳೆಯ ವಿಡಿಯೊಗಳಲ್ಲಿ ನೇರಳೆ ಬಣ್ಣದ 4 ಕಪ್ಪು 8ರ ಹಾಗೇ ಕಾಣುತ್ತದೆ. ಆ ಕಾಟಕ್ಕೇ ಟಿವಿ ಪಂದ್ಯಗಳ ಬಾಲ್ ಸೆಟ್ಟಿನಲ್ಲಿ 4ನ್ನು ಗುಲಾಬಿ ಮಾಡಿದ್ದು.

ಪ್ರಶ್ನೆ: ಜೋರಾಗಿ ಬ್ರೇಕ್ ಹೊಡೆದವರೇ ಗೆಲ್ಲುತ್ತಾರೆ ಅಲ್ವಾ? (ಅಂಕೋಲಾ)

ಉತ್ತರ: ಹಾಗಿದ್ದರೆ ಶಿರಸಿಯ ಅಡಿಕೆ ವಖಾರಿಯ ಹಮಾಲರೇ ವಿಶ್ವ ಚಾಂಪಿಯನ್ ಆಗುತ್ತಿದ್ದರು.

ಪ್ರಶ್ನೆ: ಮೊಬೈಲ್ ಗೇಮಿನಲ್ಲಿ ನನ್ನದು ದೊಡ್ಡ ಲೆವೆಲ್. ನಿಜವಾದ ಟೇಬಲಿನಲ್ಲಿ ಒಂದೂ ಬೀಳುವುದಿಲ್ಲ, ಯಾಕೆ? (ಕಾರವಾರದ ಕಾಲೇಜು ವಿದ್ಯಾರ್ಥಿ)

ಉತ್ತರ: ಟೇಬಲಿನ ಮೇಲೆ ಯಾರೂ ನಿನಗೆ ಗೇಮಿನ ಹಾಗೆ ಗುರಿಯ ಬಿಳಿ ಗೆರೆ ಎಳೆದು ಕೊಡುವುದಿಲ್ಲ ತಮ್ಮಾ.

ಪ್ರಶ್ನೆ: ‘ಗುರಿಯ ಗುಟ್ಟು’ ಕಲಿಸುತ್ತೇವೆ, ಯಾರು ಗೆಲ್ಲುತ್ತಾರೆಂದು ಮೊದಲೇ ಹೇಳುತ್ತೇವೆ ಎಂದು ಒಬ್ಬರು ವಾಟ್ಸ್ಯಾಪಿನಲ್ಲಿ ಹಣ ಕೇಳುತ್ತಿದ್ದಾರೆ. ಕೊಡಬಹುದೇ? (ಯಲ್ಲಾಪುರ)

ಉತ್ತರ: ಯಾರು ಗೆಲ್ಲುತ್ತಾರೆಂದು ಗೊತ್ತಿರುವವನಿಗೆ ನಿಮ್ಮ ಹಣ ಯಾಕೆ ಬೇಕು? ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲೇ ಒಪ್ಪಿದೆ. ಗುರಿಗೆ ಗುಟ್ಟಿಲ್ಲ. ಬಾಲಿನ ಅಗಲ ಎರಡೂಕಾಲು ಇಂಚು, ಸಾಮಾನ್ಯ ಮೂಲೆ ಪಾಕೆಟಿನ ಬಾಯಿ ನಾಲ್ಕೂವರೆ ಇಂಚು ಅಥವಾ ಕೂದಲೆಳೆ ಹೆಚ್ಚು. ಎರಡು ಬಾಲ್ ಪಕ್ಕಪಕ್ಕ ನಿಲ್ಲುವಷ್ಟು ಬಾಗಿಲಿಗೆ ಮಂತ್ರ ಮಾರುವವನನ್ನು ಬ್ಲಾಕ್ ಮಾಡಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಟೇಬಲ್ ಮೇಲೆ ಬಾಲ್ ಟಿವಿಯಲ್ಲಿ ಕಂಡಷ್ಟು ಓಡುವುದಿಲ್ಲ. ಸ್ವಲ್ಪ ಕೇರಂ ಪೌಡರ್ ಉದುರಿಸಬಹುದೇ? (ಶಿರಸಿ)

ಉತ್ತರ: ಉದುರಿಸಿದವರ ಮನೆಯಲ್ಲಿ ನಾನು ಚಹಾ ಕುಡಿಯುವುದಿಲ್ಲ. ಜುಲೈಯಲ್ಲಿ ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ಟೇಬಲಿನ ಬಟ್ಟೆ ಏನು ಮಾಡೀತು? ತೇವ ಕುಡಿದು ಭಾರವಾಗುತ್ತದೆ, ಬಾಲನ್ನು ಹಿಡಿದುಕೊಳ್ಳುತ್ತದೆ. ಟಿವಿಯಲ್ಲಿ ಕಾಣುವುದು ಎಸಿ ಹಾಲಿನ ಹೊಸ ಬಟ್ಟೆ. ಸ್ನೂಕರಿನ ದೊಡ್ಡ ಪಂದ್ಯಗಳಲ್ಲಂತೂ ಟೇಬಲಿನ ಕಲ್ಲಿನ ಅಡಿಗೆ ಹೀಟರ್ ಇಟ್ಟಿರುತ್ತಾರೆ. ಪೌಡರ್ ಹಾಕಿದರೆ ಅದು ತೇವದ ಜೊತೆ ಸೇರಿ ಬಟ್ಟೆಯ ಎಳೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಬ್ರಷ್ಷಿಗೂ ಬರುವುದಿಲ್ಲ. ಆಟ ಮುಗಿದ ಮೇಲೆ ಒಣ ಬಟ್ಟೆಯಿಂದ ಬಾಲ್ ಒರೆಸಿ ಡಬ್ಬಿಯಲ್ಲಿಡಿ, ಟೇಬಲಿಗೆ ಹೊದಿಕೆ ಹಾಕಿ, ಕ್ಯೂ ತುದಿಗೆ ಉಜ್ಜುವ ಚಾಕ್ ತುಂಡನ್ನು ಕಿಟಕಿಯ ಮೇಲೆ ಬಿಡಬೇಡಿ. ಉಳಿದದ್ದಕ್ಕೆ ಅಕ್ಟೋಬರ್ ತನಕ ಕಾಯಿರಿ.