ಸೆನ್ಸಾರ್ಸ್-ಡಿಟೆಕ್ಟ್ ಕೇಳಿದ್ದಕ್ಕೆಲ್ಲ ‘ಯೆಸ್’ ಅನ್ನಬೇಡಿ
ತೀರ್ಥಹಳ್ಳಿಯವರೇ, ಲಿನಕ್ಸ್ ಕಂಪ್ಯೂಟರಿನಲ್ಲಿ ಬಿಸಿ, ಫ್ಯಾನ್ ವೇಗ ಅಳೆಯುವ ಸೆನ್ಸರುಗಳನ್ನು ಹುಡುಕುವ ಸೆನ್ಸಾರ್ಸ್-ಡಿಟೆಕ್ಟ್ ಪ್ರೋಗ್ರಾಂ ಕೇಳುವ ಪ್ರಶ್ನೆಗಳಿಗೆಲ್ಲ ‘ಯೆಸ್’ ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ, ಬರೀ ಎಂಟರ್ ಒತ್ತುತ್ತಾ ಹೋಗಿ. ಅಪಾಯದ ತಪಾಸಣೆಗೆ ಅದು ತಾನಾಗಿಯೇ ‘ನೋ’ ಇಟ್ಟುಕೊಂಡಿರುತ್ತದೆ.

ನಿಜವಾಗಿ ಹುಷಾರಾಗಿರಬೇಕಾದ್ದು ಫ್ಯಾನ್ ವೇಗ ಹೊಂದಿಸುವ ಪಿಡಬ್ಲ್ಯೂಎಂಕಾನ್ಫಿಗ್ ಪ್ರೋಗ್ರಾಂ ಹತ್ತಿರ. ಅದು ಒಂದೊಂದೇ ಫ್ಯಾನನ್ನು ಪೂರ್ತಿ ನಿಲ್ಲಿಸಿ ನೋಡುತ್ತದೆ. ಹಾಗಾಗಿ ಬ್ರೌಸರ್ ಎಲ್ಲ ಮುಚ್ಚಿ, ಪಕ್ಕದ ಟರ್ಮಿನಲ್‌ನಲ್ಲಿ ‘ವಾಚ್ ಸೆನ್ಸಾರ್ಸ್’ ಓಡಿಸಿಟ್ಟು, ಬಿಸಿ ಎಷ್ಟಕ್ಕೆ ಏರುತ್ತದೆ ಅಂತ ನೋಡುತ್ತಾ ಕೂರಿ. ಮಿನ್‌ಸ್ಟಾಪ್ (ಫ್ಯಾನನ್ನು ಎಷ್ಟರವರೆಗೆ ನಿಧಾನಿಸಬಹುದು ಎಂಬ ಅಂಕಿ) ಕೇಳಿದಾಗ ಫ್ಯಾನ್ ನಿಂತುಹೋದ ಅಂಕಿಗಿಂತ ಸ್ವಲ್ಪ ಮೇಲೆಯೇ ಕೊಡಿ. 0ಯಿಂದ 255ರ ಲೆಕ್ಕ ಅದು, 255 ಅಂದರೆ ಪೂರ್ತಿ ವೇಗ. ಸಿಪಿಯು ಫ್ಯಾನನ್ನಂತೂ ಸೊನ್ನೆಗೆ ಬಿಡಲೇಬೇಡಿ. ಮುಂದೆ ಎಚ್‌ಡಬ್ಲ್ಯೂಮಾನ್ ಸಂಖ್ಯೆ (ಸೆನ್ಸರ್ ಚಿಪ್ಪಿಗೆ ಲಿನಕ್ಸ್ ಕೊಡುವ ನಂಬರು) ಅದಲುಬದಲಾಗಿ, ಫ್ಯಾನ್ ವೇಗ ನೋಡಿಕೊಳ್ಳುವ ಫ್ಯಾನ್‌ಕಂಟ್ರೋಲ್ ಶುರುವಾಗದಿದ್ದರೆ ಪಿಡಬ್ಲ್ಯೂಎಂಕಾನ್ಫಿಗನ್ನೇ ಮತ್ತೆ ಓಡಿಸಿ.

ಅಂದಹಾಗೆ, ಅಡಿಕೆ ಸುಲಿಯುವ ಜಗಲಿಯಲ್ಲೇ ಕಂಪ್ಯೂಟರ್ ಇದೆ ಅಂದಿರಲ್ಲ, ಇದೆಲ್ಲಕ್ಕಿಂತ ಮೊದಲು ಸಿಪಿಯು ಬಿಸಿ ಹೀರುವ ಹೀಟ್‌ಸಿಂಕಿನ ಧೂಳು ತೆಗೆಸಿ.