ಮಿಷಿಗನ್ ಚಳಿಗಾಲದ ಸಂಜೆಗೆ ಒಂದು ಕೈಕೆಲಸ

ಡೆಟ್ರಾಯಿಟ್ ಪಕ್ಕಕ್ಕೆ ಹೊಸದಾಗಿ ಬಂದಿದ್ದೀರಿ. ಐದು ಗಂಟೆಗೇ ಕತ್ತಲು, ಶನಿವಾರ ಬಂತೆಂದರೆ ನಮ್ಮವರ ಮನೆ ಬಿಟ್ಟು ಬೇರೆ ದಾರಿಯಿಲ್ಲ. ಆಫೀಸಿನವರೊಬ್ಬರು ಟ್ರೌಟ್ ಮೀನಿಗೆ ಫ್ಲೈ, ಅಂದರೆ ಗಾಳದ ಕೊಕ್ಕೆಗೆ ಗರಿ-ದಾರ ಸುತ್ತಿ ಮಾಡುವ ನಕಲಿ ಹುಳು, ಕಟ್ಟೋದು ಕಲಿಸ್ತೀನಿ ಬಾ ಅಂದಿದ್ದಾರೆ, ಮೀನು ತಿನ್ನದ ನನಗೆ ಅದು ಯಾಕೆ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಇಲ್ಲಿನವರ ಜೊತೆ ಒಂದೇ ಮೇಜಿಗೆ ಕೂತು ಕೈಕೆಲಸ ಮಾಡುತ್ತಿದ್ದರೆ ಮಾತು ತಾನಾಗಿ ಬರುತ್ತದೆ, ಹುಡುಕಬೇಕಾಗಿಲ್ಲ.

ಮೊದಲು ಗ್ರಿಫಿತ್ಸ್ ನ್ಯಾಟ್ ಕಟ್ಟಿ. ನೀರಿನ ಮೇಲೆ ಗುಂಪುಗೂಡುವ ಪುಟ್ಟ ಮಿಜ್ ಹುಳುಗಳಂತೆ ಕಾಣುವ ಡ್ರೈ ಫ್ಲೈ ಅದು, ತೇಲಬೇಕು. ಹೆಸರು ಜಾರ್ಜ್ ಗ್ರಿಫಿತ್ ಅವರದು. ಟ್ರೌಟ್ ಮೀನು ಮತ್ತು ಅದರ ನದಿಗಳನ್ನು ಕಾಪಾಡುವ ಟ್ರೌಟ್ ಅನ್‌ಲಿಮಿಟೆಡ್ ಸಂಸ್ಥೆ 1959ರಲ್ಲಿ ಹುಟ್ಟಿದ್ದು ಮಿಷಿಗನ್ನಿನ ಗ್ರೇಲಿಂಗ್ ಊರಿನ ಹತ್ತಿರ, ಔ ಸಾಬಲ್ ನದಿಯ ದಂಡೆಯಲ್ಲಿದ್ದ ಅವರ ಮನೆಯಲ್ಲೇ. ಬೇಕಾದ ಸಾಮಾನು ನವಿಲುಗರಿಯ ಎಳೆ, ಕಪ್ಪು-ಬಿಳಿ ಪಟ್ಟೆಯ ಹುಂಜದ ಗರಿ, ಅಷ್ಟೆ. ನವಿಲುಗರಿ ತಾನೆ ಎಂದು ಊರಿಂದ ತರಿಸಬೇಡಿ, ಭಾರತದಿಂದ ಅದರ ರಫ್ತಿಗೆ ನಿಷೇಧವಿದೆ. ಇಲ್ಲಿನ ಅಂಗಡಿಯಲ್ಲೇ ಪ್ಯಾಕೆಟ್ ಸಿಗುತ್ತದೆ.

20ನೇ ನಂಬರಿನ ಕೊಕ್ಕೆ ತಗೊಳ್ಳಿ. ನಂಬರ್ ಏರಿದಷ್ಟೂ ಕೊಕ್ಕೆ ಚಿಕ್ಕದು. ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ, ಕೊಕ್ಕೆಯನ್ನು ಅಲುಗಾಡದಂತೆ ಹಿಡಿದಿಡುವ ವೈಸ್‌ಗೆ ಸಿಕ್ಕಿಸಿ. ತೆಳುವಾದ ಕಪ್ಪು ದಾರವನ್ನು ಬಾಗುವ ಜಾಗದವರೆಗೆ ಸುತ್ತಿ, ಅಲ್ಲಿ ಹುಂಜದ ಗರಿಯ ಬುಡವನ್ನೂ ನವಿಲಿನ ಎರಡು ಎಳೆಗಳ ತುದಿಯನ್ನೂ ಕಟ್ಟಿ. ನವಿಲಿನ ಎಳೆ ಬಹಳ ನಾಜೂಕು, ಟ್ರೌಟ್‌ನ ಹಲ್ಲು ತಾಕಿದರೆ ಹರಿಯುತ್ತದೆ. ಅದಕ್ಕೇ ದಾರದ ಜೊತೆ ಸೇರಿಸಿ ದೀಪದ ಬತ್ತಿಯಂತೆ ಹೊಸೆದು ಮುಂದಕ್ಕೆ ಸುತ್ತಬೇಕು. ಲೈಟಿನ ಕೆಳಗೆ ಅದರ ಹಸಿರು-ಕಂಚು ಹೊಳಪು ನೋಡಿ, ನನಗೆ ಇವತ್ತಿಗೂ ಅದನ್ನು ನೋಡಿ ಸಾಕಾಗಿಲ್ಲ. ಆಮೇಲೆ ಹುಂಜದ ಗರಿ, ನಡುವೆ ಜಾಗ ಬಿಟ್ಟು ನಾಲ್ಕೈದು ಸುತ್ತು. ಅದರ ಕೂದಲು ಕೊಕ್ಕೆಯ ಬಾಯಗಲದ ಒಂದೂವರೆ ಪಟ್ಟಿದ್ದರೆ ಸಾಕು. ಕಲಿಯುವವರು ಕೊಕ್ಕೆಯ ಕಣ್ಣಿನವರೆಗೂ, ಅಂದರೆ ಗಾಳದ ದಾರ ಪೋಣಿಸುವ ತೂತಿನವರೆಗೂ, ತುಂಬಿಸಿಬಿಡುತ್ತಾರೆ, ಕೊನೆಯ ಗಂಟಿಗೆ ಜಾಗವೇ ಉಳಿಯಲ್ಲ, ಆಮೇಲೆ ನದಿಯಲ್ಲಿ ಚಳಿಗೆ ಮರಗಟ್ಟಿದ ಬೆರಳಿಂದ ಆ ದಾರ ಪೋಣಿಸುವುದೂ ಕಷ್ಟ. ಕಣ್ಣಿನ ಹಿಂದೆ ಕಣ್ಣಿನಷ್ಟೇ ಜಾಗ ಖಾಲಿ ಇರಲಿ.

ಮೀನು ತಿನ್ನದಿರುವುದು ಅಡ್ಡಿಯಲ್ಲ. ಬರ್ಟನ್ಸ್ ಲ್ಯಾಂಡಿಂಗ್‌ನಿಂದ ವೇಕ್ಲಿ ಸೇತುವೆಯವರೆಗಿನ ಔ ಸಾಬಲ್‌ಗೆ ಹೋಲಿ ವಾಟರ್ಸ್ ಅನ್ನುತ್ತಾರೆ. ಅಲ್ಲಿ ಫ್ಲೈ ಬಿಟ್ಟು ಬೇರೇನೂ ಬಳಸುವಂತಿಲ್ಲ, ಹಿಡಿದ ಟ್ರೌಟನ್ನು ಅಲ್ಲೇ ಬಿಡಬೇಕು. ಹಾಗೆಂದು ಮೀನಿಗೆ ನೋವೇ ಇಲ್ಲ ಅಂತ ನಾನು ಹೇಳಲಾರೆ. ಕೈ ಒದ್ದೆ ಮಾಡಿಕೊಂಡು ಮುಟ್ಟಿ, ನೀರಿಂದ ಎತ್ತದೆ ಕೊಕ್ಕೆ ಬಿಡಿಸಿ. ಅದೂ ಮನಸ್ಸಿಗೆ ಒಗ್ಗದಿದ್ದರೆ ಕಟ್ಟಿದ್ದನ್ನು ಆ ಸಹೋದ್ಯೋಗಿಗೆ ಕೊಡಿ. ಕೈಯಾರೆ ಕಟ್ಟಿದ ಫ್ಲೈ ಇಲ್ಲಿ ಒಳ್ಳೆಯ ಉಡುಗೊರೆ.

ಮೀನು ಹಿಡಿಯಲು ನದಿಗೆ ಇಳಿಯುವುದಾದರೆ ಲೈಸೆನ್ಸ್ ಕಡ್ಡಾಯ, ಆನ್‌ಲೈನಲ್ಲೇ ಸಿಗುತ್ತದೆ. ಅದರ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಫೆಬ್ರವರಿಯಲ್ಲಿ ದುಡ್ಡು ಕೊಡಬೇಡಿ, ಹೊಸ ವರ್ಷದ್ದು ಬಂದ ಮೇಲೆ ತಗೊಳ್ಳಿ.